ತಗಡಿನ ಊರು, ಮೂರು ಹಳಿಯ ರೈಲು

ಆಟಿಕೆ ರೈಲುಗಳ ಲೋಕದಲ್ಲಿ ‘ಟಿನ್‌ಪ್ಲೇಟ್’ ಎಂಬುದು ಒಂದು ವಸ್ತುವಿನ ಹೆಸರೂ ಹೌದು, ಒಂದು ಕಾಲದ ಹೆಸರೂ ಹೌದು. ವಸ್ತುವಾಗಿ ಅದು ಎರಡೂ ಮೈಗೆ ತವರದ ತೆಳುಲೇಪ ಕೊಟ್ಟ ಉಕ್ಕಿನ ತಗಡು. ಹಿತ್ತಾಳೆ ಪಾತ್ರೆಯ ಒಳಮೈಗೆ ಕಲಾಯಿಯವರು ಹಾಕುತ್ತಿದ್ದ ತವರವೇ ಇಲ್ಲಿ ಉಕ್ಕಿನ ಮೇಲೆ ಕುಳಿತಿದೆ ಎಂದರೆ ವಿವರಣೆ ಬಹುಪಾಲು ಮುಗಿದಂತೆ. ತವರವು 232 ಡಿಗ್ರಿ ಸೆಲ್ಸಿಯಸ್ ಶಾಖಕ್ಕೇ ಕರಗುವ ಮೆದು ಲೋಹವಾದ್ದರಿಂದ ಉಕ್ಕಿನ ಹಾಳೆಯನ್ನು ಅದರಲ್ಲಿ ಅದ್ದಿ ತೆಗೆಯುವುದು ಸುಲಭವಾಗಿತ್ತು. ಹಾಗೆ ತೆಗೆದ ಹಾಳೆಗೆ ಬೇಗ ತುಕ್ಕು ಹಿಡಿಯುತ್ತಿರಲಿಲ್ಲ, ಕತ್ತರಿಗೆ ಸಿಗುತ್ತಿತ್ತು, ಮಡಿಸಿದರೆ ಮಡಿಸಿದಂತೆಯೇ ನಿಲ್ಲುತ್ತಿತ್ತು. ಬಿಸ್ಕತ್ತಿನ ಡಬ್ಬವೂ ಸೀಮೆಎಣ್ಣೆಯ ಡಬ್ಬವೂ ಹುಟ್ಟಿದ್ದು ಈ ಗುಣಗಳಿಂದಲೇ. 1920ರ ದಶಕದ ಆರಂಭದಲ್ಲಿ ಜಮ್‌ಶೆಡ್‌ಪುರದ ಗೋಲ್ಮುರಿಯಲ್ಲಿ ಇಂಥ ತಗಡಿನ ಕಾರ್ಖಾನೆ ತಲೆಯೆತ್ತಿದ್ದರ ಹಿಂದೆಯೂ ಎಣ್ಣೆ ತುಂಬುವ ಡಬ್ಬಗಳ ಅಗತ್ಯವಿತ್ತು. ಕಾಲದ ಹೆಸರಾಗಿ ‘ಟಿನ್‌ಪ್ಲೇಟ್’ ಎಂದರೆ ಸುಮಾರು 1890ರಿಂದ ಎರಡನೆಯ ಮಹಾಯುದ್ಧದವರೆಗಿನ ಅರ್ಧ ಶತಮಾನ. ಜರ್ಮನಿ, ಇಂಗ್ಲೆಂಡ್, ಅಮೆರಿಕಗಳ ಆಟಿಕೆ ಕಾರ್ಖಾನೆಗಳು ತಗಡಿನಿಂದ ಇಂಜಿನ್ ಮತ್ತು ಬೋಗಿಗಳನ್ನಷ್ಟೇ ಅಲ್ಲದೆ ನಿಲ್ದಾಣ, ಸುರಂಗ, ಸೇತುವೆ, ಸಿಗ್ನಲ್ ಗೋಪುರ, ಗೋದಾಮು, ವಿದ್ಯುದಾಗಾರ, ಬಂಗಲೆಗಳನ್ನೂ ಮಾಡಿ ಮಾರಿದ ಕಾಲ ಅದು. ಅಂಥ ಹಳೆಯ ತಗಡಿನ ಕಟ್ಟಡಗಳನ್ನು ಸೇರಿಸಿ ಇಂದು ಒಂದು ಆಟಿಕೆ ರೈಲಿನ ಊರನ್ನು ಕಟ್ಟುವ ಬಗೆ ಈ ಭಾಷಣದ ವಿಷಯ.

ರೈಲು, ಹಳಿ, ಕಟ್ಟಡಗಳನ್ನು ಒಂದು ಮೇಜಿನ ಮೇಲೆ ಹೊಂದಿಸಿ ನಿಲ್ಲಿಸಿದ ಏರ್ಪಾಡಿಗೆ ಹವ್ಯಾಸಿಗಳು ‘ಲೇಔಟ್’ ಎನ್ನುತ್ತಾರೆ. ಬೆಂಗಳೂರಿನವರ ಕಿವಿಗೆ ಈ ಮಾತು ನಿವೇಶನ, ಖಾತೆ, ಕಂದಾಯಗಳನ್ನು ನೆನಪಿಸುವುದು ಸಹಜವಾದರೂ, ಇಲ್ಲಿಯದೂ ಒಂದು ಬಗೆಯ ಬಡಾವಣೆಯೇ. ವ್ಯತ್ಯಾಸವೆಂದರೆ ಇಲ್ಲಿ ರಸ್ತೆಗಿಂತ ಮೊದಲು ರೈಲು ಬರುತ್ತದೆ.

ತಗಡಿನ ಮನೆಯ ರೂಪವನ್ನು ನಿರ್ಧರಿಸಿದ್ದು ವಾಸ್ತುಶಿಲ್ಪಿಗಿಂತ ಹೆಚ್ಚಾಗಿ ಮುದ್ರಣಾಲಯ. ಕಲ್ಲಚ್ಚು, ಅಂದರೆ ನಯವಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಚಿತ್ರ ಬರೆದು, ನೀರಿಗೂ ಜಿಡ್ಡಿಗೂ ಇರುವ ವೈರವನ್ನೇ ಬಳಸಿ ಅಚ್ಚು ತೆಗೆಯುವ ವಿಧಾನ, ಕಾಗದಕ್ಕೆ ಒಗ್ಗಿದಷ್ಟು ಸುಲಭವಾಗಿ ಲೋಹಕ್ಕೆ ಒಗ್ಗಲಿಲ್ಲ. ಗಟ್ಟಿ ಕಲ್ಲು ಗಟ್ಟಿ ತಗಡಿಗೆ ಒತ್ತಿದಾಗ ಮಸಿ ಎಲ್ಲ ಕಡೆಗೂ ಸಮನಾಗಿ ಹಿಡಿಯುತ್ತಿರಲಿಲ್ಲ. ಇಂಗ್ಲೆಂಡಿನ ರಾಬರ್ಟ್ ಬಾರ್ಕ್ಲೆ 1875ರಲ್ಲಿ ಇವೆರಡರ ನಡುವೆ ಹೊದಿಕೆ ಹಾಕಿದ ಉರುಳೆಯೊಂದನ್ನು ತಂದಿಟ್ಟಾಗ ಚಿತ್ರ ಮೊದಲು ಉರುಳೆಗೂ ಅಲ್ಲಿಂದ ತಗಡಿಗೂ ಇಳಿಯುವಂತಾಯಿತು. ಇಂದಿನ ಆಫ್‌ಸೆಟ್ ಮುದ್ರಣದ ಮೂಲ ಇದೇ. ಆದರೆ ಈ ಉಪಾಯ ನಡೆಯುವುದು ಚಪ್ಪಟೆ ಹಾಳೆಯ ಮೇಲೆ ಮಾತ್ರ. ಆದ್ದರಿಂದ ಗೋಡೆಯ ಇಟ್ಟಿಗೆ, ಕಿಟಕಿಯ ಪರದೆ, ಗೋಡೆಗೆ ಹಬ್ಬಿದ ಬಳ್ಳಿ, ಟಿಕೆಟ್ ಕೊಡುವ ಗುಮಾಸ್ತ ಎಲ್ಲವೂ ಮೊದಲು ಹಾಳೆಯ ಮೇಲೆ ಅಚ್ಚಾಗಿ, ಆಮೇಲೆ ಹಾಳೆ ಕತ್ತರಿಸಲ್ಪಟ್ಟು, ಕಟ್ಟಕಡೆಗೆ ಮಡಿಸಿದಾಗ ಮನೆಯಾಗುತ್ತಿತ್ತು. ಅಚ್ಚಾದ ತಗಡಿಗೆ ಬೆಸುಗೆಯ ಕಾವು ತಾಗಿದರೆ ಬಣ್ಣ ಸುಟ್ಟುಹೋಗುತ್ತಿದ್ದುದರಿಂದ ಗೋಡೆಗಳ ಅಂಚಿನಲ್ಲಿ ಸಣ್ಣ ಕಿವಿಗಳನ್ನು ಬಿಟ್ಟು, ಪಕ್ಕದ ಗೋಡೆಯ ಸೀಳಿಗೆ ಅವನ್ನು ತೂರಿಸಿ ಒಳಗಿನಿಂದ ಬಗ್ಗಿಸುವ ಜೋಡಣೆ ಬಂದಿತು. ಹಳೆಯ ತಗಡಿನ ನಿಲ್ದಾಣವನ್ನು ತಲೆಕೆಳಗು ಮಾಡಿ ನೋಡಿದರೆ ಬೆಸುಗೆಯ ಗಂಟುಗಳ ಬದಲು ಸಾಲಾಗಿ ಬಗ್ಗಿದ ಈ ಕಿವಿಗಳು ಕಾಣುವುದು ಇದೇ ಕಾರಣಕ್ಕೆ.

ಎಲ್ಲ ತಯಾರಕರೂ ಈ ದಾರಿ ಹಿಡಿಯಲಿಲ್ಲ. ಜರ್ಮನಿಯ ಗೋಪಿಂಗನ್ ಊರಿನ ಮಾರ್ಕ್ಲಿನ್ ಸಂಸ್ಥೆ 1859ರಲ್ಲಿ ಗೊಂಬೆಮನೆಯ ಅಡುಗೆ ಸಾಮಾನುಗಳನ್ನು ಮಾಡುತ್ತ ಆರಂಭವಾಗಿ, 1891ರ ಲೈಪ್‌ಜಿಗ್ ಜಾತ್ರೆಯಲ್ಲಿ ಕೀಲಿ ಕೊಟ್ಟು ಓಡಿಸುವ ರೈಲನ್ನು ಎಂಟರಾಕಾರದ ಹಳಿಯೊಡನೆ ಪ್ರದರ್ಶಿಸಿತು. ಹಳಿಗಳ ನಡುವಿನ ಅಂತರಕ್ಕೆ ಅದು ಕೊಟ್ಟ ಸಂಖ್ಯೆಗಳ ಕ್ರಮ ಮುಂದೆ ಉಳಿದ ತಯಾರಕರಿಗೂ ಮಾನದಂಡವಾಯಿತು. ವರ್ಷವರ್ಷವೂ ಹೊಸ ಬೋಗಿ, ಹೊಸ ಕಟ್ಟಡವನ್ನು ಕೊಂಡು ಒಂದೇ ಹಳಿಗೆ ಸೇರಿಸುತ್ತ ಹೋಗಬಹುದೆಂಬ ವ್ಯಾಪಾರದ ಜಾಣ್ಮೆಯೂ ಅಲ್ಲಿಂದಲೇ ಬೆಳೆದದ್ದು. ಮಾರ್ಕ್ಲಿನ್‌ನ ಆ ಕಾಲದ ನಿಲ್ದಾಣಗಳು ಕೈಯಿಂದ ಬೆಸೆದು ಕೈಯಿಂದಲೇ ಬಣ್ಣ ಬಳಿದವು, ದುಬಾರಿಯಾದವು. ನ್ಯೂರೆಂಬರ್ಗಿನ ಬಿಂಗ್ ಸಂಸ್ಥೆ ಹೆಚ್ಚು ಸಂಖ್ಯೆಯನ್ನೂ ಕಡಿಮೆ ಬೆಲೆಯನ್ನೂ ನೆಚ್ಚಿತು. ಆದರೆ 1930ರ ದಶಕದ ಆರಂಭದಲ್ಲೇ ಅದು ಮುಚ್ಚಿಹೋಯಿತು. ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ, ಮೆಕ್ಯಾನೊ ಎಂಬ ಜೋಡಣೆಯ ಆಟಿಕೆಯಿಂದ ಹೆಸರು ಮಾಡಿದ ಮೇಲೆ, 1920ರಲ್ಲಿ ರೈಲುಗಳನ್ನು ತಂದ. ಅವನ ನಿಲ್ದಾಣಗಳ ಗೋಡೆಯ ಮೇಲೆ ಅಚ್ಚಾದ ಜಾಹೀರಾತು ಫಲಕಗಳೂ ಹೂಬಳ್ಳಿಗಳೂ ಕಲ್ಲಚ್ಚಿನ ಕೆಲಸದ ಒಳ್ಳೆಯ ಮಾದರಿಗಳು.

ಅಮೆರಿಕದ ಲಯನೆಲ್ ಸಂಸ್ಥೆಯ ದಾರಿ ಬೇರೆ. ಜೋಶುವಾ ಲಯನೆಲ್ ಕೋವೆನ್ 1900ರಲ್ಲಿ ನ್ಯೂಯಾರ್ಕಿನಲ್ಲಿ ಸ್ಥಾಪಿಸಿದ ಈ ಸಂಸ್ಥೆಯ ಮೊದಲ ವಿದ್ಯುತ್ ಬಂಡಿ ಅಂಗಡಿಯ ಕಿಟಕಿಯಲ್ಲಿ ಸರಕು ಹೊತ್ತು ಸುತ್ತುತ್ತ ಗಿರಾಕಿಗಳನ್ನು ಸೆಳೆಯಲೆಂದು ಮಾಡಿದ್ದಾಗಿತ್ತು. ಗಿರಾಕಿಗಳು ಸರಕನ್ನು ಬಿಟ್ಟು ಬಂಡಿಯನ್ನೇ ಕೇಳತೊಡಗಿದಾಗ ಅದು ಆಟಿಕೆಯಾಯಿತು. 1906ರಲ್ಲಿ ಕೋವೆನ್ ಎರಡೂ ಕಾಲು ಅಂಗುಲಕ್ಕೆ ತುಸು ಕಡಿಮೆ ಅಂತರದ ಹಳಿಯನ್ನು ತಂದು, ಆಗ ತಾನೊಬ್ಬನೇ ಮಾಡುತ್ತಿದ್ದ ಆ ಅಳತೆಗೆ ‘ಸ್ಟ್ಯಾಂಡರ್ಡ್ ಗೇಜ್’ ಎಂದು ತಾನೇ ಹೆಸರಿಟ್ಟುಕೊಂಡ. ಇಂಥ ಧೈರ್ಯ ವ್ಯಾಪಾರದಲ್ಲಿ ಮಾತ್ರ ಸಾಧ್ಯ. ಈ ಸಂಸ್ಥೆಯ ಕಟ್ಟಡಗಳಲ್ಲಿ ಮುದ್ರಿತ ಚಿತ್ರಕ್ಕಿಂತ ಎನಾಮಲ್ ಬಣ್ಣಕ್ಕೆ, ಅಂದರೆ ಬಳಿದ ಮೇಲೆ ಒಲೆಯಲ್ಲಿ ಬೇಯಿಸಿ ಗಟ್ಟಿ ಮಾಡಿದ ಹೊಳಪಿನ ಬಣ್ಣಕ್ಕೆ, ಪ್ರಾಶಸ್ತ್ಯ. ಕಿಟಕಿ ಬಾಗಿಲುಗಳ ಚೌಕಟ್ಟುಗಳನ್ನು ಬೇರೆಯಾಗಿ ಒತ್ತಿ ಗೋಡೆಗೆ ಸೇರಿಸುತ್ತಿದ್ದರು. ಮುಂದೆ ಅಲ್ಲಿಯದೇ ಆದ ಲೂಯಿ ಮಾರ್ಕ್ಸ್ ಸಂಸ್ಥೆ ಅಚ್ಚಿನ ತಗಡನ್ನೇ ನೆಚ್ಚಿ, ಕೂಲಿಕಾರರ ಮಕ್ಕಳಿಗೂ ಎಟಕುವ ಬೆಲೆಗೆ ನಿಲ್ದಾಣಗಳನ್ನು ಮಾರಿತು. ಲೇಔಟ್ ಕಟ್ಟುವವರು ಈ ಎರಡು ಪರಂಪರೆಗಳ ವ್ಯತ್ಯಾಸವನ್ನು ಮೊದಲೇ ಮನಗಾಣಬೇಕು. ಏಕೆಂದರೆ ಮುಂದೆ ದುರಸ್ತಿಯ ಪ್ರಶ್ನೆ ಬಂದಾಗ ಒಂದಕ್ಕೆ ಸಲ್ಲುವ ಮದ್ದು ಇನ್ನೊಂದಕ್ಕೆ ವಿಷವಾಗುತ್ತದೆ.

ಈ ಕಟ್ಟಡಗಳ ಮೇಲೆ ಬರುವ ದೊಡ್ಡ ಆಕ್ಷೇಪ ಅಳತೆಯದು. ‘ಸ್ಕೇಲ್ ಮಾದರಿ’ ಎಂದರೆ ನಿಜವಾದ ವಸ್ತುವಿನ ಪ್ರತಿಯೊಂದು ಭಾಗವನ್ನೂ ಒಂದೇ ಪ್ರಮಾಣದಲ್ಲಿ ಕುಗ್ಗಿಸಿದ್ದು; ಒಂದೂಕಾಲು ಅಂಗುಲ ಅಂತರದ ‘ಒ ಗೇಜ್’ ಹಳಿಗೆ ಅಮೆರಿಕದಲ್ಲಿ ಈ ಪ್ರಮಾಣ 48ಕ್ಕೆ 1. ತಗಡಿನ ಕಟ್ಟಡ ಈ ಲೆಕ್ಕಕ್ಕೆ ಬಗ್ಗುವುದಿಲ್ಲ. ನ್ಯೂಯಾರ್ಕಿನ ಈಸ್ಟ್ ನದಿಯ ಮೇಲೆ ಗುಸ್ತಾವ್ ಲಿಂಡೆಂಥಾಲ್ ವಿನ್ಯಾಸ ಮಾಡಿದ ಹೆಲ್ ಗೇಟ್ ಉಕ್ಕಿನ ಕಮಾನು ಸೇತುವೆಯ ಆಟಿಕೆ ರೂಪವನ್ನು ಲಯನೆಲ್ 1928ರಲ್ಲಿ ಹೊರತಂದಿತು. ನಿಜವಾದ ಸೇತುವೆಯ ಗೋಪುರಗಳ ನಡುವಿನ ಅಂತರ ಸಾವಿರ ಅಡಿಗೆ ಹತ್ತಿರವಾದ್ದರಿಂದ ಪ್ರಮಾಣಬದ್ಧವಾಗಿ ಮಾಡಿದ್ದರೆ ಆಟಿಕೆ 20 ಅಡಿ ಉದ್ದವಾಗಬೇಕಿತ್ತು. ಆದದ್ದು ಎರಡೂವರೆ ಅಡಿಗೂ ಕಡಿಮೆ. ಆದರೂ ಕೆನೆಬಣ್ಣದ ಎರಡು ಗೋಪುರಗಳ ನಡುವೆ ಹಸಿರು ಕಮಾನು ಏರಿ ಇಳಿಯುವ ಆ ತಗಡಿನ ತುಂಡನ್ನು ನೋಡಿದವರಿಗೆ ಅದು ಯಾವ ಸೇತುವೆಯೆಂಬ ಸಂಶಯ ಉಳಿಯುವುದಿಲ್ಲ. 1935ರಲ್ಲಿ ಬಂದ ಸ್ವಯಂಚಾಲಿತ ಗೇಟ್‌ಮ್ಯಾನ್ ಇನ್ನೂ ಸೋಜಿಗದವನು: ರೈಲು ಹತ್ತಿರವಾದಾಗ ಬಾಗಿಲು ತೆರೆದು ಲಾಂದ್ರ ಹಿಡಿದು ಹೊರಬರುವ ಈ ಗೊಂಬೆ ತನ್ನ ಗೂಡಿನ ಬಾಗಿಲಿಗೆ ಸರಿಹೋಗುವಷ್ಟು ದೊಡ್ಡವನಾಗಿದ್ದು, ಪಕ್ಕದಲ್ಲಿ ಓಡುವ ಬೋಗಿಯೊಳಗೆ ಯಾವ ರೀತಿಯಲ್ಲೂ ಹಿಡಿಸಲಾರ.

ಇದನ್ನು ಕೊರತೆಯೆಂದು ಎಣಿಸುವವರು ತಗಡಿನ ಲೇಔಟನ್ನು ಸ್ಕೇಲ್ ಮಾದರಿಯ ಸೋತ ರೂಪವೆಂದು ತಿಳಿದಿರುತ್ತಾರೆ. ವಾಸ್ತವದಲ್ಲಿ ಅದರ ವಂಶವೇ ಬೇರೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ನೆಲೆಸಿದ ಮೊರೇವಿಯನ್ ಪಂಥದ ಕ್ರೈಸ್ತರು ಕ್ರಿಸ್‌ಮಸ್ ಕಾಲದಲ್ಲಿ ಯೇಸುವಿನ ಜನನದ ದೃಶ್ಯವನ್ನು ಗೊಂಬೆಗಳಿಂದ ಅಲಂಕರಿಸುವ ಪದ್ಧತಿಯನ್ನು ಜರ್ಮನಿಯಿಂದ ತಂದಿದ್ದರು. ಅಲಂಕರಿಸು ಎಂಬ ಅರ್ಥದ ಜರ್ಮನ್ ಮಾತಿನಿಂದ ಅದಕ್ಕೆ ‘ಪುಟ್ಸ್’ ಎಂಬ ಹೆಸರು. ದನಕೊಟ್ಟಿಗೆಯ ಸುತ್ತ ಹಳ್ಳಿ ಬೆಳೆಯಿತು, ಹಳ್ಳಿಗೆ ರಟ್ಟಿನ ಮನೆಗಳು ಬಂದವು, ಕ್ರಿಸ್‌ಮಸ್ ಮರದ ಬುಡವನ್ನು ಸುತ್ತಿ ತಗಡಿನ ರೈಲು ಓಡಿತು. ಹಳೆಯ ಮೈಸೂರಿನ ಕಡೆ ನವರಾತ್ರಿಗೆ ಗೊಂಬೆ ಕೂರಿಸುವ ಮನೆಗಳನ್ನು ಕಂಡವರಿಗೆ ಇದು ಅಪರಿಚಿತ ಲೋಕವೇನಲ್ಲ. ಪಟ್ಟದ ಗೊಂಬೆಯ ಮೊಣಕಾಲೆತ್ತರಕ್ಕೂ ಬಾರದ ಆನೆ, ಆನೆಗಿಂತ ದೊಡ್ಡ ಶೆಟ್ಟಿ, ಶೆಟ್ಟಿಯ ಅಂಗಡಿಗಿಂತ ಚಿಕ್ಕ ದೇವಸ್ಥಾನ ಎಲ್ಲವೂ ಒಂದೇ ಹಂತದಲ್ಲಿ ಕುಳಿತಿದ್ದರೂ ಅಳತೆಪಟ್ಟಿ ಹಿಡಿದು ತಗಾದೆ ತೆಗೆಯುವವರು ಅಲ್ಲಿ ಇರುವುದಿಲ್ಲ. ಯಾವುದರ ಪಕ್ಕ ಯಾವುದು ಒಪ್ಪುತ್ತದೆ ಎಂಬುದಷ್ಟೇ ಅಲ್ಲಿನ ನ್ಯಾಯ. ತಗಡಿನ ಊರು ಕಟ್ಟುವವರು ಅನುಸರಿಸಬೇಕಾದ ನ್ಯಾಯವೂ ಇದೇ. ಹೊಳೆಯುವ ಎನಾಮಲ್ ಗೋಡೆಗೆ ಕೃತಕವಾಗಿ ಮಸಿ, ಕೆಸರು ಬಳಿದು ‘ನಿಜ’ ಮಾಡಹೊರಡುವುದೂ ಅಚ್ಚಿನ ಬಳ್ಳಿಯ ಮೇಲೆ ಪ್ಲಾಸ್ಟಿಕ್ ಬಳ್ಳಿ ಅಂಟಿಸುವುದೂ ಈ ವಸ್ತುವಿಗೆ ಬಗೆಯುವ ಅನ್ಯಾಯ.

ಕಟ್ಟುವ ಕೆಲಸ ಮೇಜಿನಿಂದ ಆರಂಭವಾಗುತ್ತದೆ. ಒ ಗೇಜಿನ ಸಾಮಾನ್ಯ ತಿರುವಿನಿಂದ ಪೂರ್ಣ ವೃತ್ತ ಮಾಡಿದರೆ ಅದರ ಅಡ್ಡಳತೆ 31 ಅಂಗುಲ, ಸ್ಟ್ಯಾಂಡರ್ಡ್ ಗೇಜಿನಲ್ಲಿ 42 ಅಂಗುಲ. ಹೀಗಾಗಿ 8 ಅಡಿ ಉದ್ದ, 4 ಅಡಿ ಅಗಲದ ಒಂದು ಪ್ಲೈವುಡ್ ಹಾಳೆಯೇ ಮೊದಲ ಲೇಔಟಿಗೆ ಸಾಕಾಗುತ್ತದೆ. ಹಳಿಯೂ ತಗಡಿನದೇ: ಹಾಳೆಯನ್ನು ಕೊಳವೆಯಂತೆ ಮಡಿಸಿ, ತಲೆಯ ಭಾಗವನ್ನು ದುಂಡಗೆ ಬಿಟ್ಟು, ಕೆಳಗೆ ತಗಡಿನ ಸ್ಲೀಪರುಗಳಿಗೆ ಕಚ್ಚಿಸಿದ್ದು. ಟೊಳ್ಳಾದ ಹಳಿ ಪ್ಲೈವುಡ್ಡಿನ ಮೇಲೆ ಮದ್ದಳೆಯಂತೆ ಸದ್ದು ಮಾಡುವುದರಿಂದ ನಡುವೆ ಮೆತ್ತನೆಯ ಹಲಗೆಯನ್ನೋ ಬೆಂಡಿನ ಹಾಳೆಯನ್ನೋ ಹಾಸುತ್ತಾರೆ. ಕೆಲವರು ಆ ಸದ್ದಿಗಾಗಿಯೇ ಏನೂ ಹಾಸುವುದಿಲ್ಲ.

ಹಳಿಗಳು ಮೂರೇಕೆ ಎಂಬುದಕ್ಕೆ ವಿದ್ಯುತ್ತೇ ಉತ್ತರ. ಹೊರಗಿನ ಎರಡು ಹಳಿಗಳು ಲೋಹದ ಸ್ಲೀಪರಿನ ಮೂಲಕ ಒಂದಕ್ಕೊಂದು ಕೂಡಿಕೊಂಡಿದ್ದು ವಿದ್ಯುತ್ತಿನ ಮರುದಾರಿಯಾಗುತ್ತವೆ. ನಡುವಿನ ಹಳಿಯ ಕೆಳಗೆ ಗಟ್ಟಿಕಾಗದದ ತುಂಡಿಟ್ಟು ಅದನ್ನು ಸ್ಲೀಪರಿನಿಂದ ಬೇರ್ಪಡಿಸಿರುವುದರಿಂದ ಅದು ವಿದ್ಯುತ್ತನ್ನು ತರುವ ದಾರಿಯಾಗುತ್ತದೆ, ಇಂಜಿನ್ನಿನ ಹೊಟ್ಟೆಯ ಕೆಳಗಿನ ಉರುಳೆ ಅದನ್ನು ತಡವಿ ತೆಗೆದುಕೊಳ್ಳುತ್ತದೆ. ನಿಜವಾದ ರೈಲಿಗೆ ಹೋಲದ ಈ ಮೂರನೆಯ ಹಳಿಯನ್ನು ಹಳಿಯುವವರು ಅದರ ಎರಡು ಉಪಕಾರಗಳನ್ನು ಮರೆಯುತ್ತಾರೆ. ಎರಡೇ ಹಳಿಯಿದ್ದರೆ ರೈಲು ಕುಣಿಕೆಯಂತೆ ಸುತ್ತಿ ಬಂದ ದಾರಿಗೇ ಮರಳಿದಾಗ ಬಲಹಳಿ ಎಡಹಳಿಗೆ ಕೂಡಿ ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ಮೂರು ಹಳಿಯಲ್ಲಿ ನಡುವಿನದು ಯಾವಾಗಲೂ ನಡುವಿನದೇ ಆಗಿರುವುದರಿಂದ ಈ ತೊಡಕಿಲ್ಲ. ಎರಡನೆಯದು ಇನ್ನೂ ಸೊಗಸು. ಹೊರಗಿನ ಎರಡು ಹಳಿಗಳಲ್ಲಿ ಒಂದರ ಸಣ್ಣ ಭಾಗವನ್ನು ಸ್ಲೀಪರಿನಿಂದಲೂ ಅಕ್ಕಪಕ್ಕದ ತುಂಡುಗಳಿಂದಲೂ ಬೇರ್ಪಡಿಸಿ, ಅದಕ್ಕೆ ಗೇಟ್‌ಮ್ಯಾನಿನ ತಂತಿಯನ್ನು ಸೇರಿಸಿದರೆ, ರೈಲಿನ ಲೋಹದ ಗಾಲಿ ಮತ್ತು ಅಚ್ಚು ಆ ಭಾಗಕ್ಕೆ ಬಂದೊಡನೆ ಎರಡು ಹೊರಹಳಿಗಳನ್ನೂ ಕೂಡಿಸುತ್ತದೆ, ಮಂಡಲ ಪೂರ್ಣವಾಗುತ್ತದೆ, ಲಾಂದ್ರದವನು ಹೊರಬರುತ್ತಾನೆ. ರೈಲು ದಾಟಿದಾಗ ಒಳಸೇರುತ್ತಾನೆ. ಇಷ್ಟಕ್ಕೂ ಬೇಕಾದದ್ದು ಒಂದೆರಡು ತುಂಡು ತಂತಿ.

ವಿದ್ಯುತ್ತಿನ ವಿಷಯದಲ್ಲಿ ಭಾರತದ ಹವ್ಯಾಸಿಗಳು ಒಂದು ಎಚ್ಚರ ವಹಿಸಲೇಬೇಕು. ಅಮೆರಿಕದ ಹಳೆಯ ಟ್ರಾನ್ಸ್‌ಫಾರ್ಮರುಗಳು ಅಲ್ಲಿನ 110 ವೋಲ್ಟಿನ ಮನೆವಿದ್ಯುತ್ತನ್ನು ಸುಮಾರು 20 ವೋಲ್ಟಿನೊಳಗೆ ಇಳಿಸಲೆಂದು ಮಾಡಿದವು. ಇಲ್ಲಿಯ 230 ವೋಲ್ಟಿನ ಪ್ಲಗ್ಗಿಗೆ ನೇರವಾಗಿ ಸಿಕ್ಕಿಸಿದರೆ ಸುಟ್ಟುಹೋಗುತ್ತವೆ. ನಡುವೆ ಇನ್ನೊಂದು ಇಳಿಕೆಯ ಟ್ರಾನ್ಸ್‌ಫಾರ್ಮರ್ ಇಟ್ಟರೂ ಹಳೆಯ ತಂತಿಯ ರಬ್ಬರ್ ಹೊದಿಕೆ ಒಣಗಿ ಉದುರಿರುವುದು ಸಾಮಾನ್ಯವಾದ್ದರಿಂದ, ಇಂದಿನ ಸುರಕ್ಷಿತ ವಿದ್ಯುತ್ ಮೂಲವನ್ನು ಬಳಸಿ ಹಳೆಯದನ್ನು ನೋಟಕ್ಕೆ ಇಟ್ಟುಕೊಳ್ಳುವುದೇ ಮೇಲು. ಆ ಪೆಟ್ಟಿಗೆಯನ್ನು ಬಚ್ಚಿಡಲು ಲಯನೆಲ್ ವಿದ್ಯುದಾಗಾರಗಳನ್ನೇ ಮಾಡಿತ್ತು. ಎತ್ತರದ ಹೊಗೆಗೂಡಿನ ಆ ಕಟ್ಟಡಗಳ ಒಳಗೆ ಟ್ರಾನ್ಸ್‌ಫಾರ್ಮರನ್ನು ಕೂರಿಸಬಹುದಿತ್ತು. ಊರಿಗೆ ವಿದ್ಯುತ್ತು ನಿಜವಾಗಿಯೂ ವಿದ್ಯುದಾಗಾರದಿಂದಲೇ ಹರಿಯುವ ಈ ಏರ್ಪಾಡಿಗಿಂತ ಜಾಣವಾದ ಕಲ್ಪನೆ ಆಟಿಕೆಗಳ ಇತಿಹಾಸದಲ್ಲಿ ಹೆಚ್ಚಿಲ್ಲ.

ಕಟ್ಟಡಗಳನ್ನು ಎಲ್ಲಿ ನಿಲ್ಲಿಸಬೇಕೆಂಬುದು ಕಣ್ಣಿನ ಕೆಲಸ. ದೊಡ್ಡ ಹಳಿಗೆಂದು ಮಾಡಿದ ಕಟ್ಟಡಗಳನ್ನು ಮುಂದೆಯೂ ಚಿಕ್ಕವನ್ನು ಹಿಂದೆ ಏರಿದ ಮೆಟ್ಟಿಲಿನಲ್ಲಿಯೂ ಇಟ್ಟರೆ ಅಳತೆಯ ವ್ಯತ್ಯಾಸವೇ ದೂರದ ಭ್ರಮೆಯಾಗುತ್ತದೆ, ಕೊರತೆ ಉಪಾಯವಾಗುತ್ತದೆ. ಅಚ್ಚಿನ ತಗಡನ್ನೂ ಎನಾಮಲ್ ತಗಡನ್ನೂ ಒಂದರ ಪಕ್ಕ ಒಂದು ಇಟ್ಟರೆ ಅಚ್ಚಿನ ನವುರು ಎನಾಮಲಿನ ಹೊಳಪಿನ ಮುಂದೆ ಮಂಕಾಗುವುದರಿಂದ ಅವನ್ನು ಬೇರೆ ಬೇರೆ ಓಣಿಗಳಲ್ಲಿ ನೆಲೆಗೊಳಿಸುವುದು ಒಳ್ಳೆಯದು. ನೆಲಕ್ಕೆ ಹಸಿರು ಬಣ್ಣವೋ ಬಣ್ಣ ಹಾಕಿದ ಮರದ ಹೊಟ್ಟೋ ಸಾಕು. ಇಂಗ್ಲೆಂಡಿನ ಹಳೆಯ ಆಟಿಕೆ ರೈಲುಗಳ ಬೇಲಿಗೂ ಗಿಡಕ್ಕೂ ಒದಗುತ್ತಿದ್ದುದು ಹಸಿರು ಬಣ್ಣದಲ್ಲಿ ಅದ್ದಿದ, ಹೀರೆಯ ಜಾತಿಯ ಕಾಯಿಯ ನಾರು. ಮೈ ಉಜ್ಜಲು ಬಳಸುವ ಆ ನಾರು ಕರ್ನಾಟಕದ ಹಿತ್ತಿಲುಗಳಲ್ಲಿ ಪುಕ್ಕಟೆಯಾಗಿ ಸಿಗುವುದರಿಂದ ಇದಕ್ಕಾಗಿ ವಿಲಾಯಿತಿಗೆ ಕಾಗದ ಬರೆಯಬೇಕಾಗಿಲ್ಲ. ಇರುಳಿನ ದೀಪಗಳೇ ಈ ಊರಿನ ಜೀವ. ಹಳೆಯ ಬುರುಡೆಗಳು ಕಾಯುವುದರಿಂದ ಒಳಗಿನ ಬಣ್ಣ ಕಂದುತ್ತದೆ. ಅವನ್ನು ಕಡಿಮೆ ವೋಲ್ಟಿನಲ್ಲಿ ಮಿಣುಕಿಸಬೇಕು, ಇಲ್ಲವೇ ಹಳದಿಛಾಯೆಯ ಎಲ್‌ಇಡಿ ಹಾಕಬೇಕು. ಬಿಳಿಛಾಯೆಯದನ್ನು ಹಾಕಿದರೆ 1928ರ ಬಂಗಲೆಯೊಳಗೆ ಔಷಧಿ ಅಂಗಡಿ ತೆರೆದಂತೆ ಕಾಣುತ್ತದೆ.

ಹಳೆಯ ತಗಡಿನ ಆರೈಕೆಯಲ್ಲಿ ಮಾಡಬೇಕಾದ್ದಕ್ಕಿಂತ ಮಾಡಬಾರದ್ದೇ ಹೆಚ್ಚು. ಅಚ್ಚಿನ ತಗಡಿಗೆ ಪೆಟ್ರೋಲ್, ಥಿನ್ನರ್, ಸ್ಪಿರಿಟ್ ತಾಗಿಸಬಾರದು. ಒದ್ದೆ ಬಟ್ಟೆಯಲ್ಲಿ ಸೌಮ್ಯ ಸಾಬೂನಿನ ನೊರೆಯಿಂದ ಮೊದಲು ಕಾಣದ ಮೂಲೆಯೊಂದನ್ನು ಒರೆಸಿ ನೋಡಿ ಮುಂದುವರಿಯಬೇಕು. ಕಿವಿಗಳನ್ನು ಬಿಚ್ಚಿ ಒಳಗೆ ನೋಡುವ ಆಸೆಯನ್ನು ಹತ್ತಿಕ್ಕಬೇಕು, ಏಕೆಂದರೆ ಎಂಬತ್ತು ವರ್ಷ ಒಂದೇ ಕಡೆ ಬಗ್ಗಿದ ತಗಡು ಎರಡನೆಯ ಸಲ ಬಗ್ಗಿಸಿದಾಗ ಮುರಿಯುತ್ತದೆ. ಮರುಬಣ್ಣದ ಬಗ್ಗೆ ಸಂಗ್ರಾಹಕರಲ್ಲಿ ಹಳೆಯ ವಾಗ್ವಾದವಿದೆ. ಅಮೆರಿಕದಲ್ಲಿ 1954ರಲ್ಲಿ ಹುಟ್ಟಿದ ರೈಲು ಆಟಿಕೆ ಸಂಗ್ರಾಹಕರ ಸಂಘವು ವಸ್ತುವಿನ ಸ್ಥಿತಿಯನ್ನು ದರ್ಜೆಗಳಾಗಿ ವಿಂಗಡಿಸುವ ಕ್ರಮವನ್ನು ರೂಢಿಸಿದ ಮೇಲೆ ಮೂಲಬಣ್ಣದ ಒಂದು ಗೀರಿಗೂ ಬೆಲೆ ಕಟ್ಟುವಂತಾಗಿದೆ. ಅಚ್ಚಿನ ತಗಡಿಗೆ ಮತ್ತೆ ಬಣ್ಣ ಬಳಿಯುವುದೆಂದರೆ ಪುಸ್ತಕದ ಅಕ್ಷರದ ಮೇಲೆ ಸುಣ್ಣ ಹೊಡೆದಂತೆ; ಅದು ಯಾವ ಸ್ಥಿತಿಯಲ್ಲಿದ್ದರೂ ಹಾಗೆಯೇ ಇರಬೇಕು. ಎನಾಮಲ್ ಕಟ್ಟಡ ಪೂರ್ತಿ ತುಕ್ಕಾಗಿ ಮೂಲಬಣ್ಣ ಉಳಿದಿಲ್ಲವಾದರೆ ಮಾತ್ರ ಕೆರೆದು ಮರುಬಣ್ಣ ಕೊಡಬಹುದು, ಆದರೆ ಮಾರುವಾಗ ಅದನ್ನು ಮುಚ್ಚಿಡುವುದು ಮೋಸ. 1930ರ ದಶಕದ ಸತುವಿನ ಎರಕದ ಗಾಲಿಗಳಲ್ಲಿ ಇನ್ನೊಂದು ರೋಗವಿದೆ: ಸೀಸದಂಥ ಕಲ್ಮಷ ಸೇರಿದ ಎರಕ ಒಳಗೊಳಗೇ ಉಬ್ಬಿ, ಬಿರಿದು, ಪುಡಿಯಾಗುತ್ತದೆ; ಅದಕ್ಕೆ ಮದ್ದಿಲ್ಲ, ಹೊಸ ಗಾಲಿ ಹಾಕಬೇಕಷ್ಟೇ. ಹಳೆಯ ಬಣ್ಣಗಳಲ್ಲಿ ಸೀಸವಿರುವುದು ಸಾಮಾನ್ಯವಾದ್ದರಿಂದ ಕೆರೆಯುವಾಗ ಮೂಗಿಗೆ ಮುಸುಕು ಬೇಕು, ಬಾಯಿಗಿಡುವ ವಯಸ್ಸಿನ ಮಕ್ಕಳ ಕೈಗೆ ಇವು ಸಿಗಬಾರದು. ಕರಾವಳಿ ಮಲೆನಾಡುಗಳ ಮಳೆಗಾಲದಲ್ಲಂತೂ ತೆಳುವಾದ ಮೇಣದ ಲೇಪ ಕೊಟ್ಟು, ತೇವ ಹೀರುವ ಹರಳುಗಳೊಡನೆ ಪೆಟ್ಟಿಗೆಯಲ್ಲಿಡದಿದ್ದರೆ ಗೀರು ಬಿದ್ದಲ್ಲೆಲ್ಲ ತುಕ್ಕು ಹೂಬಿಡುತ್ತದೆ.

ಅಮೆರಿಕದಲ್ಲಿ ಈ ಯುಗ ಮುಗಿದದ್ದು ಸರಕಾರಿ ಆಜ್ಞೆಯಿಂದ. ಯುದ್ಧಕ್ಕೆ ಲೋಹ ಬೇಕಾದ್ದರಿಂದ 1942ರ ಜೂನ್ ಕೊನೆಯ ಹೊತ್ತಿಗೆ ಲೋಹದ ಆಟಿಕೆಗಳ ತಯಾರಿಕೆ ಅಲ್ಲಿ ನಿಂತಿತು. ಮರುವರ್ಷ ಲಯನೆಲ್ ರಟ್ಟಿನ ರೈಲನ್ನು ಮಾರಿತು. ಯುದ್ಧಾನಂತರ ಕಟ್ಟಡಗಳ ಕೆಲಸವನ್ನು ಪ್ಲಾಸ್ಟಿಕ್ ವಹಿಸಿಕೊಂಡಿತು. ಹಳೆಯ ಅಚ್ಚುಗಳ ಮಾದರಿಯಲ್ಲಿ ಮುಂದೆ ಮರುತಯಾರಿಕೆಗಳೂ ಬಂದಿದ್ದು, ಮೂಲವನ್ನು ಕೊಳ್ಳಲಾರದವರಿಗೆ ಅವು ತಕ್ಕ ಆಸರೆ; ಒಂದೇ ಮೇಜಿನ ಮೇಲೆ ಹಳೆಯದೂ ಹೊಸದೂ ಬೆರೆಯುವುದರಲ್ಲಿ ಅವಮಾನವೇನೂ ಇಲ್ಲ.

ಬ್ರಿಟಿಷರ ಕಾಲದಲ್ಲಿ ವಿಲಾಯಿತಿಯ ತಗಡಿನ ರೈಲುಗಳು ಭಾರತದ ಕೆಲವು ಮನೆಗಳಿಗೂ ಬಂದು ಸೇರಿದ್ದವು. ಕೇಳುಗರ ಮನೆಯ ಅಟ್ಟದಲ್ಲೋ ಹಳೆಯ ಟ್ರಂಕಿನಲ್ಲೋ ಗೋಡೆಯ ಮೇಲೆ ಬಳ್ಳಿ ಅಚ್ಚಾದ ತಗಡಿನ ನಿಲ್ದಾಣವೊಂದು ಸಿಕ್ಕಿದರೆ, ಹಿತ್ತಾಳೆಯ ಚೊಂಬಿನಂತೆ ಅದನ್ನು ಹುಣಸೆಹಣ್ಣು ಹಾಕಿ ಉಜ್ಜದೆ, ಗುಜರಿಯವನ ತಕ್ಕಡಿಗೂ ಹಾಕದೆ, ಒಣಬಟ್ಟೆಯಿಂದ ಧೂಳು ಒರೆಸಿ, ಮೆಲ್ಲಗೆ ತಿರುವಿ, ತಳದಲ್ಲೋ ಗೋಡೆಯ ಅಂಚಿನಲ್ಲೋ ತಯಾರಕರ ಹೆಸರು ಅಚ್ಚಾಗಿದೆಯೇ ಎಂದು ನೋಡಬೇಕೆಂದು ಕೋರಿಕೆ.